ಚಳಿಗಾಲದ ಬಿಸಿಲಿನಿಂದ ಮೊಡವೆ ಮುಖವನ್ನು ಕಾಪಾಡಿಕೊಳ್ಳುವುದು ಹೇಗೆ

ಚಳಿಗಾಲ ಶುರುವಾದ ಕೂಡಲೇ ಮೊಡವೆ ಮುಖದವರು ಮೊದಲು ಮೂಲೆಗೆ ತಳ್ಳುವುದು ಸನ್‌ಸ್ಕ್ರೀನ್ ಟ್ಯೂಬನ್ನು. ನಾನೂ ಮೂರು ಚಳಿಗಾಲ ಹಾಗೇ ಮಾಡಿದ್ದೇನೆ. ಬಿಸಿಲು ಹಿತವಾಗಿದೆ, ಸುಡುತ್ತಿಲ್ಲ, ಮತ್ತೆ ಯಾಕೆ ಬೇಕು ಅನ್ನುವುದು ಒಂದು ಕಾರಣ. ಇನ್ನೊಂದು, ಒಣಗಿ ಬಿರಿದ ಚರ್ಮಕ್ಕೆ ಅದನ್ನು ಹಚ್ಚಿದರೆ ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ, ಇಲ್ಲವಾದರೆ ನಾಲ್ಕು ದಿನ ಕಳೆಯುವಷ್ಟರಲ್ಲಿ ಗದ್ದದ ಮೇಲೆ ಹೊಸ ಗುಳ್ಳೆ ಏಳುತ್ತದೆ, ಬೇಡಪ್ಪಾ ಇದರ ಸಹವಾಸ ಅಂತ ಬಿಟ್ಟುಬಿಡುತ್ತೇವೆ. ಚಳಿಗಾಲ ಮುಗಿಯುವ ಹೊತ್ತಿಗೆ ಕನ್ನಡಿ ನೋಡಿದರೆ ಮೊಡವೆಯೇನೋ ಕಡಿಮೆಯಾಗಿರುತ್ತದೆ. ಆದರೆ ಮೂರು ತಿಂಗಳ ಹಿಂದೆ ಹೋದ ಮೊಡವೆಯ ಕಲೆ ಇದ್ದಲ್ಲೇ ಇರುತ್ತದೆ, ಮೊದಲಿಗಿಂತ ಕಪ್ಪಾಗಿ.

ಆ ಕಲೆಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ. ಚಳಿಗಾಲದಲ್ಲಿ ಮೊಡವೆ ಮುಖಕ್ಕೆ ಬಿಸಿಲಿನಿಂದ ಆಗುವ ಮುಖ್ಯ ನಷ್ಟ ಸುಡುವುದಲ್ಲ, ಕಲೆ ಮಾಸದೆ ಉಳಿಯುವುದು. ಅದು ಉರಿಯುವುದಿಲ್ಲ, ನೋಯುವುದಿಲ್ಲ, ಅದಕ್ಕೇ ಗೊತ್ತೇ ಆಗುವುದಿಲ್ಲ.

ಹಿತವಾದ ಬಿಸಿಲು ಮಾಡುವ ಕೆಲಸ

ಬಿಸಿಲಿನ ಶಾಖ ಬೇರೆ, ಅದರ ಜೊತೆ ಬರುವ ನೇರಳಾತೀತ ಕಿರಣ, ಅಂದರೆ ಯುವಿ, ಬೇರೆ. ಶಾಖ ಮೈಗೆ ತಿಳಿಯುತ್ತದೆ, ಯುವಿ ತಿಳಿಯುವುದಿಲ್ಲ. ತಣ್ಣನೆ ಗಾಳಿ ಬೀಸುತ್ತಿರುವಾಗ ಬಿಸಿಲಿಗೆ ಮುಖ ಒಡ್ಡಿ ಒಂದು ಗಂಟೆ ಕೂತರೂ ಸಾಕು ಅನಿಸುವುದಿಲ್ಲ ಅಲ್ವಾ? ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ನೆರಳು ಹುಡುಕುತ್ತಿದ್ದೆವು. ಅಲ್ಲೇ ಲೆಕ್ಕ ತಪ್ಪುವುದು.

ಯುವಿಯಲ್ಲಿ ನಮ್ಮ ಚರ್ಮಕ್ಕೆ ಮುಟ್ಟುವುದು ಎರಡು ಬಗೆ. ಯುವಿಬಿ ಚರ್ಮದ ಮೇಲ್ಪದರವನ್ನು ಸುಟ್ಟು ಕೆಂಪಗೆ ಮಾಡುತ್ತದೆ. ಯುವಿಎ ಅದಕ್ಕಿಂತ ಒಳಕ್ಕೆ ಇಳಿಯುತ್ತದೆ, ಚರ್ಮವನ್ನು ಕಪ್ಪಾಗಿಸುತ್ತದೆ, ಕಾಲ ಕಳೆದಂತೆ ಸುಕ್ಕು ತರುತ್ತದೆ. ಚಳಿಗಾಲದಲ್ಲಿ ಸೂರ್ಯ ಆಕಾಶದಲ್ಲಿ ಕೆಳಗಿರುತ್ತಾನೆ, ಕಿರಣ ಓರೆಯಾಗಿ ಬರುತ್ತದೆ, ಗಾಳಿಯ ಪದರದಲ್ಲಿ ಜಾಸ್ತಿ ದೂರ ಹಾಯಬೇಕಾಗುತ್ತದೆ, ಆ ದಾರಿಯಲ್ಲಿ ಓಝೋನ್ ಯುವಿಬಿಯನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಚಳಿಗಾಲದ ಬಿಸಿಲು ಅಷ್ಟು ಸುಡುವುದಿಲ್ಲ. ಆದರೆ ಯುವಿಎಗೆ ಓಝೋನ್ ಹೆಚ್ಚೇನೂ ಅಡ್ಡ ಬರುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಅದೂ ಕಡಿಮೆಯಾಗುತ್ತದಾದರೂ ಯುವಿಬಿಯಷ್ಟು ಕಡಿಮೆಯಾಗುವುದಿಲ್ಲ. ಮೋಡದ ಮೂಲಕವೂ ಬರುತ್ತದೆ, ಕಿಟಕಿ ಗಾಜಿನ ಮೂಲಕವೂ ಬರುತ್ತದೆ. ಮನೆಯ ಸಾಮಾನ್ಯ ಗಾಜು ಯುವಿಬಿಯನ್ನು ಬಹುಪಾಲು ತಡೆಯುತ್ತದೆ, ಯುವಿಎಯ ದೊಡ್ಡ ಭಾಗವನ್ನು ಒಳಗೆ ಬಿಡುತ್ತದೆ. ಕಾರಿನ ಮುಂದಿನ ಗಾಜು ಎರಡನ್ನೂ ಚೆನ್ನಾಗಿ ತಡೆಯುತ್ತದೆ, ಪಕ್ಕದ ಗಾಜನ್ನು ಅಷ್ಟು ನಂಬುವ ಹಾಗಿಲ್ಲ. ಸಮಭಾಜಕ ರೇಖೆಗೆ ಹತ್ತಿರ ಇದ್ದಷ್ಟೂ ಬೇಸಿಗೆಗೂ ಚಳಿಗಾಲಕ್ಕೂ ಇರುವ ವ್ಯತ್ಯಾಸವೇ ಕಡಿಮೆಯಾಗುತ್ತದೆ. ಅಂಥ ಕಡೆ ಇರುವವರು ಚಳಿಗಾಲಕ್ಕೆ ಅಂತ ಬೇರೆ ಲೆಕ್ಕ ಹಾಕುವುದೇ ಬೇಡ.

ಇನ್ನು ಹಿಮ ಬೀಳುವ ಕಡೆ ಇದ್ದರೆ ಅಥವಾ ಪ್ರವಾಸಕ್ಕೆ ಹೋಗುತ್ತಿದ್ದರೆ ಮಾತೇ ಬೇರೆ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಯುವಿಯಲ್ಲಿ ಶೇ 80ರವರೆಗೂ ವಾಪಸ್ ಎಸೆಯಬಲ್ಲದು, ಎತ್ತರ 1000 ಮೀಟರ್ ಏರಿದಂತೆಲ್ಲ ಯುವಿ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಅಲ್ಲಿ ಗದ್ದದ ಕೆಳಭಾಗ, ಮೂಗಿನ ಹೊಳ್ಳೆಯ ಅಡಿ, ಇಂಥ ಜಾಗವೂ ಸುಡುತ್ತದೆ, ಕೆಳಗಿನಿಂದ.

ಈಗ ಮೊಡವೆಗೆ ಬರೋಣ. ಮೊಡವೆ ಅಂದರೆ ಚರ್ಮದೊಳಗೆ ನಡೆಯುವ ಉರಿಯೂತ. ಅದು ಇಳಿಯುವಾಗ ಆ ಜಾಗದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಕೆರಳಿ ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು, ಜಾಸ್ತಿ ತಯಾರಿಸುತ್ತವೆ. ಅದೇ ಕಪ್ಪು ಅಥವಾ ಕಂದು ಕಲೆ. ಚರ್ಮದ ಬಣ್ಣ ಗಾಢವಾಗಿದ್ದಷ್ಟೂ ಈ ಕಲೆ ಜಾಸ್ತಿ, ಜಾಸ್ತಿ ದಿನ. ಸುಮ್ಮನೆ ಬಿಟ್ಟರೆ ನಿಧಾನಕ್ಕೆ ತಾನಾಗಿ ಮಾಸುವಂಥದ್ದೇ. ಆದರೆ ಪ್ರತಿದಿನ ಅದರ ಮೇಲೆ ಯುವಿಎ ಬೀಳುತ್ತಿದ್ದರೆ ಆ ಜೀವಕೋಶಗಳಿಗೆ ಕೆಲಸ ನಿಲ್ಲಿಸಲು ಬಿಡುವೇ ಸಿಗುವುದಿಲ್ಲ. ರಾತ್ರಿ ಕಲೆ ಹೋಗಲಿ ಅಂತ ಸೀರಮ್ ಹಚ್ಚುವುದು, ಬೆಳಿಗ್ಗೆ ಬರಿ ಮುಖದಲ್ಲಿ ಬಿಸಿಲು ಕಾಯಿಸುವುದು: ತೂತು ಬಿದ್ದ ಬಿಂದಿಗೆಗೆ ನೀರು ಸೇದಿದ ಹಾಗೆ.

"ಬಿಸಿಲಿಗೆ ಮೊಡವೆ ಒಣಗುತ್ತದೆ" ಅನ್ನುವ ಮಾತು ನೀವೂ ಕೇಳಿರುತ್ತೀರಿ. ಮೇಲಿನ ಜಿಡ್ಡು ಸ್ವಲ್ಪ ಒಣಗಿದ ಹಾಗೆ ಕಾಣುತ್ತದೆ, ಸುತ್ತಲಿನ ಚರ್ಮ ಕಪ್ಪಾಗುವುದರಿಂದ ಮೊಡವೆಯ ಕೆಂಪು ಎದ್ದು ಕಾಣುವುದಿಲ್ಲ. ಅಷ್ಟೇ. ಅದು ಚಿಕಿತ್ಸೆ ಅಲ್ಲ.

ಔಷಧಿ ಹಚ್ಚುವವರು ಇದನ್ನು ಓದಲೇಬೇಕು

ಚಳಿಗಾಲದಲ್ಲಿ ಸನ್‌ಸ್ಕ್ರೀನ್ ಬೇಕೇ ಬೇಡವೇ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಔಷಧಿ ಡಬ್ಬದಲ್ಲೇ ಇರುತ್ತದೆ.

ಅಡಾಪಲೀನ್, ಟ್ರೆಟಿನಾಯಿನ್ ಇವೆಲ್ಲ ರೆಟಿನಾಯ್ಡ್, ಅಂದರೆ ವಿಟಮಿನ್ ಎ ಜಾತಿಯ ಔಷಧಿಗಳ ಗುಂಪಿನವು. ಮೊದಲ ಕೆಲವು ವಾರ ಚರ್ಮ ಒಣಗಿಸಿ ಸಿಪ್ಪೆ ಏಳಿಸುತ್ತವೆ, ಅಂಥ ಚರ್ಮಕ್ಕೆ ಸಣ್ಣ ಬಿಸಿಲೂ ಚುರುಗುಟ್ಟುತ್ತದೆ. ಟ್ರೆಟಿನಾಯಿನ್ ಬೆಳಕಿಗೆ ಕೆಡುತ್ತದೆ ಕೂಡ, ರಾತ್ರಿ ಮಾತ್ರ ಹಚ್ಚಿ ಅನ್ನುವುದು ಅದಕ್ಕೇ. ಬೆಂಜಾಯಿಲ್ ಪೆರಾಕ್ಸೈಡ್ ಕೂಡ ಒಣಗಿಸುವ ಪೈಕಿ (ಅದು ಬಟ್ಟೆಯ ಬಣ್ಣ ಹೀರುತ್ತದೆ, ಇಷ್ಟದ ಮಫ್ಲರ್ ಮೇಲೆ ಬಿಳಿ ಮಚ್ಚೆ ಬೀಳಿಸಿಕೊಂಡವಳು ನಾನು, ಹಚ್ಚಿ ಪೂರ್ತಿ ಒಣಗುವ ತನಕ ಸುತ್ತಿಕೊಳ್ಳಬೇಡಿ). ಗ್ಲೈಕೋಲಿಕ್ ಆಸಿಡ್‌ನಂಥ ಎಎಚ್‌ಎಗಳು (ಆಲ್ಫಾ ಹೈಡ್ರಾಕ್ಸಿ ಆಸಿಡ್‌ಗಳು) ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಅಂಥದ್ದನ್ನು ಬಳಸುವಾಗಲೂ, ನಿಲ್ಲಿಸಿದ ಮೇಲೆ ಒಂದು ವಾರವೂ ಸನ್‌ಸ್ಕ್ರೀನ್ ಹಚ್ಚಿ ಎಂದು ಡಬ್ಬದ ಮೇಲೆ ಬರೆಯಿರಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಯಾರಕರಿಗೆ ಸಲಹೆ ಕೊಟ್ಟಿದೆ. ಆ ಒಂದು ವಾರದ ವಿಷಯ ತುಂಬ ಜನ ಮರೆಯುತ್ತಾರೆ. ಅಜೆಲಾಯಿಕ್ ಆಸಿಡ್ ಈ ವಿಷಯದಲ್ಲಿ ಸಾಧು. ಬಿಸಿಲಿನ ಸೂಕ್ಷ್ಮತೆ ಹೆಚ್ಚಿಸುವುದಿಲ್ಲ, ಮೊಡವೆಗೂ ಕಲೆಗೂ ಎರಡಕ್ಕೂ ಆಗುತ್ತದೆ.

ಮಾತ್ರೆಗಳಲ್ಲಿ ಡಾಕ್ಸಿಸೈಕ್ಲಿನ್ ಬಗ್ಗೆ ಹುಷಾರು. ಅದು ಒಳಗಿನಿಂದಲೇ ಚರ್ಮವನ್ನು ಬಿಸಿಲಿಗೆ ತೆರೆದಿಡುತ್ತದೆ. ನಾನು ಆ ಮಾತ್ರೆ ತಿನ್ನುತ್ತಿದ್ದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆ ನಡೆದಾಡಿ ಬಂದೆ. ಚಳಿಯೇ ಇತ್ತು, ಸ್ವೆಟರ್ ಹಾಕಿದ್ದೆ. ರಾತ್ರಿ ಮೂಗಿನ ಮೇಲೂ ಅಂಗೈ ಹಿಂಭಾಗದಲ್ಲೂ ಬಿಸಿನೀರು ಚೆಲ್ಲಿದ ಹಾಗೆ ಉರಿ. ಮಾತ್ರೆ ಬರೆದುಕೊಟ್ಟವರು ಬಿಸಿಲಿನ ವಿಷಯ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ, ಮಾತ್ರೆ ಡಬ್ಬದ ಒಳಗಿನ ಹಾಳೆ ಓದುವ ಅಭ್ಯಾಸ ಯಾರಿಗಿದೆ ಹೇಳಿ. ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುವವರಿಗೆ ತುಟಿ, ಮುಖ ಎಲ್ಲ ಒಣಗುತ್ತದೆ, ಅದರ ಮೇಲೆ ಚಳಿಗಾಲ ಬೇರೆ. ಅವರು ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) ಇರುವ ಲಿಪ್ ಬಾಮ್ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಬಿಸಿಲಿಗೆ ಹೆದರಿ ಯಾವ ಔಷಧಿಯನ್ನೂ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟವರನ್ನು ಕೇಳಿ.

ಯಾವ ಸನ್‌ಸ್ಕ್ರೀನ್

ಬ್ರ್ಯಾಂಡ್ ಹೆಸರು ಹೇಳುವುದಿಲ್ಲ, ನನಗೆ ಒಗ್ಗಿದ್ದು ನಿಮಗೆ ಒಗ್ಗಬೇಕೆಂದಿಲ್ಲ. ಡಬ್ಬ ತಿರುಗಿಸಿ ಏನು ನೋಡಬೇಕು ಅಂತ ಹೇಳುತ್ತೇನೆ.

ಮೊದಲು "ಬ್ರಾಡ್ ಸ್ಪೆಕ್ಟ್ರಮ್" ಅಂತ ಇದೆಯೇ ನೋಡಿ, ಅಂದರೆ ಯುವಿಎ, ಯುವಿಬಿ ಎರಡನ್ನೂ ತಡೆಯುವಂಥದ್ದು. ಎಸ್‌ಪಿಎಫ್ ಸಂಖ್ಯೆ ಮುಖ್ಯವಾಗಿ ಹೇಳುವುದು ಯುವಿಬಿ ಲೆಕ್ಕ. ನಮಗೆ ಚಳಿಗಾಲದಲ್ಲಿ ಬೇಕಾಗಿರುವುದು ಯುವಿಎ ತಡೆ. ಅದಕ್ಕೆ ಡಬ್ಬದ ಮೇಲೆ ಪಿಎ ಅನ್ನುವ ಯುವಿಎ ದರ್ಜೆಯ ಪಕ್ಕದ ಪ್ಲಸ್ ಗುರುತುಗಳನ್ನು ಎಣಿಸಿ, ನಾಲ್ಕಿದ್ದರೆ ಅದೇ ಅತಿ ಹೆಚ್ಚು. ಇದು ಜಪಾನಿನಲ್ಲಿ ಹುಟ್ಟಿದ ಪದ್ಧತಿ. ಯುರೋಪಿನ ಡಬ್ಬಗಳ ಮೇಲೆ ಯುವಿಎ ಅಕ್ಷರಗಳನ್ನು ವೃತ್ತದೊಳಗೆ ಬರೆದಿರುತ್ತಾರೆ, ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇಲ್ಲ ಅಂತ ಅದರ ಅರ್ಥ.

ಎಸ್‌ಪಿಎಫ್ ಕನಿಷ್ಠ 30 ಇರಲಿ. 15 ಇದ್ದರೆ ಯುವಿಬಿಯ ಸುಮಾರು ಶೇ 93 ತಡೆಯುತ್ತದೆ, 30 ಇದ್ದರೆ ಶೇ 97, 50 ಇದ್ದರೆ ಶೇ 98. 30ಕ್ಕೂ 50ಕ್ಕೂ ಇಷ್ಟೇನಾ ವ್ಯತ್ಯಾಸ ಅನ್ನಬಹುದು. ಹೌದು, ಪ್ರಯೋಗಾಲಯದಲ್ಲಿ ಇಷ್ಟೇ. ಅಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ. ನಾವು ಹಚ್ಚುವುದು ಅದರ ಅರ್ಧಕ್ಕಿಂತಲೂ ಕಡಿಮೆ ಇರುತ್ತದೆ, ಅದರಲ್ಲೂ ಜಿಡ್ಡಿನ ಮುಖದವರು ಸನ್‌ಸ್ಕ್ರೀನನ್ನು ಪ್ರಸಾದದ ಹಾಗೆ ಚೂರೇ ಚೂರು ಒತ್ತಿಕೊಳ್ಳುತ್ತಾರೆ. ಕಡಿಮೆ ಹಚ್ಚುವ ಅಭ್ಯಾಸ ಬಿಡಲಾಗದಿದ್ದರೆ 50 ತೆಗೆದುಕೊಳ್ಳುವುದೇ ಮೇಲು.

ಆಮೇಲೆ "ನಾನ್ ಕೊಮೆಡೋಜೆನಿಕ್", ಅಂದರೆ ರಂಧ್ರ ಕಟ್ಟುವುದಿಲ್ಲ ಅನ್ನುವ ಪದ. ಹುಡುಕಿ, ಆದರೆ ಪೂರ್ತಿ ನಂಬಬೇಡಿ. ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲು ಇಲ್ಲ. ಯಾವ ಪದಾರ್ಥ ರಂಧ್ರ ಕಟ್ಟುತ್ತದೆ ಅನ್ನುವ ಹಳೆಯ ಪಟ್ಟಿಗಳೆಲ್ಲ ಬಹುಪಾಲು ಮೊಲದ ಕಿವಿಯ ಒಳಭಾಗಕ್ಕೆ ಹಚ್ಚಿ ನೋಡಿದ ಪರೀಕ್ಷೆಗಳಿಂದ ಬಂದವು. ಮೊಲದ ಕಿವಿ ನಮ್ಮ ಕೆನ್ನೆಗಿಂತ ಬಲು ಬೇಗ ಕಟ್ಟಿಕೊಳ್ಳುತ್ತದೆ, ಜೊತೆಗೆ ಒಂದು ಪದಾರ್ಥ ಒಂಟಿಯಾಗಿದ್ದಾಗ ಮಾಡುವ ಕೆಲಸವನ್ನೇ ಕ್ರೀಮಿನೊಳಗೆ ಒಂದಿಷ್ಟೇ ಇದ್ದಾಗಲೂ ಮಾಡಬೇಕೆಂದಿಲ್ಲ. ಹಾಗಾಗಿ ಮೂವತ್ತು ಪದಾರ್ಥಗಳ ಪಟ್ಟಿ ಹಿಡಿದುಕೊಂಡು ಒಂದೊಂದನ್ನೂ ಹುಡುಕುತ್ತಾ ರಾತ್ರಿ ನಿದ್ದೆಗೆಡಬೇಡಿ. ನಾನು ಕೆಟ್ಟಿದ್ದೇನೆ, ಉಪಯೋಗ ಆಗಲಿಲ್ಲ.

ಚಳಿಗಾಲದಲ್ಲಿ ನಿಜವಾಗಿ ಬದಲಿಸಬೇಕಾದದ್ದು ಅದರ ಹದವನ್ನು. ಬೇಸಿಗೆಯಲ್ಲಿ ಹಾಯೆನಿಸಿದ ಜೆಲ್, ಹಚ್ಚಿದ ಕೂಡಲೇ ಆರಿಹೋಗುವಂಥದ್ದು, ಎಷ್ಟೋ ಸಲ ಆಲ್ಕೋಹಾಲ್ ಜಾಸ್ತಿ ಇರುವಂಥದ್ದಾಗಿರುತ್ತದೆ. ಒಣ ಹವೆಯಲ್ಲಿ ಅದು ಚರ್ಮವನ್ನು ಇನ್ನಷ್ಟು ಹಿಂಡುತ್ತದೆ. ಹಾಗಂತ "ಒಣ ಚರ್ಮಕ್ಕೆ" ಅಂತ ಬರೆದ ಬೆಣ್ಣೆಯಂಥ ಕ್ರೀಮಿಗೆ ಹಾರಿದರೆ ಮೊಡವೆ ಕಾದು ಕೂತಿರುತ್ತದೆ. ಅತ್ತ ದರಿ ಇತ್ತ ಪುಲಿ. ನಡುವಿನ ದಾರಿ ಅಂದರೆ ತೆಳು ಲೋಷನ್ ಅಥವಾ ಫ್ಲೂಯಿಡ್, ಸುವಾಸನೆ ಇಲ್ಲದ್ದು, ಗ್ಲಿಸರಿನ್ ಅಥವಾ ಹಯಲುರಾನಿಕ್ ಆಸಿಡ್‌ನಂಥ ನೀರು ಹಿಡಿದಿಡುವ ಪದಾರ್ಥ ಇರುವುದು.

ಮಿನರಲ್ಲೋ ಕೆಮಿಕಲ್ಲೋ ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ಔಷಧಿಯಿಂದ ಮುಖ ಈಗಾಗಲೇ ಉರಿಯುತ್ತಿದ್ದರೆ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಮಿನರಲ್ ಬಗೆ ಮೃದು. ಆದರೆ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ಉರಿ ಇಲ್ಲದಿದ್ದರೆ ಕೆಮಿಕಲ್ ಬಗೆ ಹಗುರ, ಬಣ್ಣ ಬಿಡುವುದಿಲ್ಲ, ಕೆಲವರಿಗೆ ಕಣ್ಣು ಚುರುಗುಟ್ಟುತ್ತದೆ ಅಷ್ಟೇ. ಕಂದು ಅಥವಾ ಗಾಢ ಬಣ್ಣದ ಚರ್ಮಕ್ಕೆ ಕಲೆಯೇ ಮುಖ್ಯ ತೊಂದರೆ ಆಗಿದ್ದರೆ ಮಾತ್ರ ಒಂದು ವಿಷಯ ಗಮನಿಸಿ: ಕಲೆ ಕಪ್ಪಾಗಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿಗೂ ಪಾಲಿದೆ, ಸಾದಾ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಮೈಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಬೆಳ್ಳಗಾಗುವ ಗೋಳೂ ತಪ್ಪುತ್ತದೆ, ಕಲೆಯೂ ಮರೆಯಾಗುತ್ತದೆ.

ಮನೆಯಲ್ಲೇ ಎಣ್ಣೆ, ಬೀಜದ ಸಾರ ಎಲ್ಲ ಬೆರೆಸಿ ಸನ್‌ಸ್ಕ್ರೀನ್ ಮಾಡಿಕೊಳ್ಳುವ ವಿಡಿಯೋಗಳನ್ನು ನೋಡಿ, ನಗಿ, ಮುಂದೆ ಹೋಗಿ.

ಬೆಳಿಗ್ಗೆ ಹಚ್ಚುವ ಕ್ರಮ

ಶುರು ಮಾಡಬೇಕಾದ್ದು ನೀರಿನಿಂದ. ಚಳಿಗೆ ಕುದಿಯುವ ನೀರಿನಲ್ಲಿ ಮುಖ ತೊಳೆಯುವ ಆಸೆ ಆಗುತ್ತದೆ, ನಿಜ, ಆದರೆ ಆ ಬಿಸಿನೀರು ಚರ್ಮದ ಮೇಲಿನ ಎಣ್ಣೆಯ ಕಾವಲನ್ನು ಎಳೆದು ಹಾಕುತ್ತದೆ. ಆಮೇಲೆ ನೀವು ಏನು ಹಚ್ಚಿದರೂ ಉರಿಯುತ್ತದೆ, ದೋಷ ಸನ್‌ಸ್ಕ್ರೀನಿನ ತಲೆಗೆ ಬರುತ್ತದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಉಗುರು ಬೆಚ್ಚಗಿನ ನೀರು ಸಾಕು. ಚರ್ಮ ತುಂಬ ಒಣಗಿದ್ದರೆ ಬೆಳಿಗ್ಗೆ ಫೇಸ್‌ವಾಶ್ ಬೇಡವೇ ಬೇಡ, ಬರೀ ನೀರು ಸಾಕು.

ಒರೆಸಬೇಡಿ, ಟವೆಲ್ ಒತ್ತಿ ತೆಗೆಯಿರಿ. ಮುಖದಲ್ಲಿ ಪಸೆ ಇರುವಾಗಲೇ ಹಗುರವಾದ ಮಾಯಿಶ್ಚರೈಸರ್ ಹಚ್ಚಿ. ನನ್ನ ಮುಖವೇ ಜಿಡ್ಡು, ನನಗೆ ಯಾಕೆ ಅನ್ನಬೇಡಿ. ಎಣ್ಣೆ ಬೇರೆ, ನೀರಿನಂಶ ಬೇರೆ, ಮುಖ ಎಣ್ಣೆಯಿಂದ ಹೊಳೆಯುತ್ತಲೇ ಒಳಗೆ ಒಣಗಿರುವುದು ಚಳಿಗಾಲದಲ್ಲಿ ಮಾಮೂಲು. ಸನ್‌ಸ್ಕ್ರೀನ್ ಅಲ್ಲಲ್ಲಿ ತೇಪೆ ತೇಪೆಯಾಗಿ ಕಾಣುವುದೂ ಈ ಒಣ ಸಿಪ್ಪೆಗೆ ಅದು ಅಂಟಿಕೊಳ್ಳುವುದರಿಂದಲೇ. ಕೆಳಗೆ ಮಾಯಿಶ್ಚರೈಸರ್ ಇದ್ದರೆ ಆ ತೊಂದರೆ ಮುಕ್ಕಾಲು ಪಾಲು ಹೋಗುತ್ತದೆ.

ನಾಲ್ಕೈದು ನಿಮಿಷ ಬಿಡಿ. ಹಲ್ಲುಜ್ಜಿ, ಬಟ್ಟೆ ಹಾಕಿಕೊಳ್ಳಿ, ಏನಾದರೂ ಮಾಡಿ. ಅವಸರದಲ್ಲಿ ಒಂದರ ಮೇಲೊಂದು ಹಚ್ಚಿದರೆ ರಬ್ಬರಿನಿಂದ ಅಳಿಸಿದಾಗ ಬರುತ್ತದಲ್ಲ, ಅಂಥ ಸಣ್ಣ ಸಣ್ಣ ಉಂಡೆಯಾಗಿ ಕಿತ್ತು ಬರುತ್ತದೆ.

ಈಗ ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯ ತನಕ ಗೆರೆ ಎಳೆದಷ್ಟು, ಮುಖಕ್ಕೂ ಕುತ್ತಿಗೆಗೂ ಸೇರಿ. ಒಂದೇ ಸಲಕ್ಕೆ ಇಷ್ಟನ್ನೂ ಮೆತ್ತಿಕೊಂಡರೆ ಜಿಡ್ಡಿನ ಮುಖಕ್ಕೆ ಉಸಿರುಗಟ್ಟಿದ ಹಾಗಾಗುತ್ತದೆ. ಅದಕ್ಕೆ ನಾನು ಒಂದು ಬೆರಳಿನಷ್ಟು ಮೊದಲು ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು ಬೆರಳಿನಷ್ಟು ಹಚ್ಚುತ್ತೇನೆ. ಉಜ್ಜಬೇಡಿ, ತಟ್ಟಿ ತಟ್ಟಿ ಕೂರಿಸಿ, ಉಜ್ಜಿದರೆ ಎದ್ದ ಮೊಡವೆಯೂ ಕೆರಳುತ್ತದೆ. ಕಿವಿ, ಕೂದಲ ಅಂಚು, ದವಡೆಯ ಕೆಳಗೆ ಮರೆಯಬೇಡಿ. ಹೊರಡುವ 15 ನಿಮಿಷ ಮೊದಲೇ ಇದೆಲ್ಲ ಮುಗಿದಿದ್ದರೆ ಒಳ್ಳೆಯದು.

ಎಸ್‌ಪಿಎಫ್ ಇರುವ ಮಾಯಿಶ್ಚರೈಸರ್ ಒಂದೇ ಸಾಲದೇ? ಬ್ರಾಡ್ ಸ್ಪೆಕ್ಟ್ರಮ್ ಆಗಿದ್ದು, 30 ಇದ್ದು, ಎರಡು ಬೆರಳಿನಷ್ಟು ಹಚ್ಚುವುದಾದರೆ ಸಾಕು. ಆದರೆ ಮಾಯಿಶ್ಚರೈಸರನ್ನು ಯಾರೂ ಅಷ್ಟು ಹಚ್ಚುವುದಿಲ್ಲ. ಪೌಡರಿನಲ್ಲಿ, ಫೌಂಡೇಶನ್‌ನಲ್ಲಿ ಎಸ್‌ಪಿಎಫ್ ಇದೆ ಅನ್ನುವುದಂತೂ ಲೆಕ್ಕಕ್ಕೇ ಇಲ್ಲ.

ಮತ್ತೆ ಹಚ್ಚುವುದು, ಅಥವಾ ಹಚ್ಚದಿರುವುದು

ಹೊರಗೆ ಇರುವ ದಿನ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಅನ್ನುವುದು ನಿಯಮ. ಇಡೀ ದಿನ ಒಳಗೆ, ಕಿಟಕಿಯಿಂದ ದೂರ ಕೂರುವವರು ಬೆಳಿಗ್ಗೆ ಹಚ್ಚಿದ್ದರಲ್ಲೇ ದಿನ ಕಳೆಯಬಹುದು ಅನ್ನುವುದು ನನ್ನ ಅಭಿಪ್ರಾಯ. ಕಿಟಕಿ ಪಕ್ಕವೇ ಮೇಜು ಇದ್ದರೆ ಪರದೆ ಎಳೆಯಿರಿ, ಅದು ಯಾವ ಕ್ರೀಮಿಗಿಂತಲೂ ಸುಲಭ. ಫೋನಿನ ಹವಾಮಾನದ ಆಪ್‌ನಲ್ಲಿ ಯುವಿ ಸೂಚ್ಯಂಕ ಅಂತ ಒಂದು ಸಂಖ್ಯೆ ಇರುತ್ತದೆ. ಅದು 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಮಭಾಜಕದಿಂದ ಬಲು ದೂರದ ಊರಿನಲ್ಲಿ, ನಡು ಚಳಿಗಾಲದಲ್ಲಿ, ಸೂಚ್ಯಂಕ 1 ತೋರಿಸುತ್ತಿರುವಾಗ ಮನೆಯೊಳಗೇ ಇದ್ದೀರಿ ಅಂದರೆ ಒಂದು ದಿನ ಹಚ್ಚದಿದ್ದರೆ ಏನೂ ಮುಳುಗಿಹೋಗುವುದಿಲ್ಲ. ಆದರೆ ರೆಟಿನಾಯ್ಡ್ ಅಥವಾ ಡಾಕ್ಸಿಸೈಕ್ಲಿನ್ ನಡೆಯುತ್ತಿದ್ದರೆ, ಹೊಸ ಕಲೆ ಇದ್ದರೆ, ಈ ಲೆಕ್ಕಾಚಾರವೆಲ್ಲ ಬೇಡ, ಸುಮ್ನೆ ಹಚ್ಚಿಬಿಡಿ.

ಫೋನ್ ನೋಡುವ ಬದಲು ನೆಲವನ್ನೂ ನೋಡಬಹುದು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ. ಬಿಸಿಲು ಕಾಯಿಸಲೇಬೇಕೆಂದರೆ ನೆರಳು ಉದ್ದ ಇರುವಾಗ, ಬೆಳಗಿನ ಎಳೆಬಿಸಿಲಿನಲ್ಲಿ, ಬೆನ್ನು ಕೊಟ್ಟು ಕೂರಿ. ವಿಟಮಿನ್ ಡಿ ಬಗ್ಗೆ ಚಿಂತೆ ಇರುವವರಿಗೆ ಒಂದೇ ಮಾತು: ಕೈಕಾಲು ಬಿಸಿಲಿಗಿರಲಿ, ಕಲೆ ಇರುವ ಮುಖವೇ ಯಾಕೆ ಬೇಕು? ಕೊರತೆ ಇದೆಯೇನೋ ಅನಿಸಿದರೆ ರಕ್ತ ಪರೀಕ್ಷೆ ಮಾಡಿಸಿ.

ಚಳಿಗಾಲದಲ್ಲಿ ಮಾತ್ರ ಆಗುವ ಒಂದು ಎಡವಟ್ಟಿದೆ. ನೆಗಡಿ. ಮೂಗು ಒರೆಸಿ ಒರೆಸಿ ಮೂಗಿನ ಸುತ್ತ, ಮೇಲ್ದುಟಿಯ ಮೇಲೆ ಸನ್‌ಸ್ಕ್ರೀನ್ ಹತ್ತೇ ನಿಮಿಷಕ್ಕೆ ಮಾಯ. ಕರವಸ್ತ್ರ ಬಳಸುವ ದಿನ ಮೂಗಿನ ಭಾಗಕ್ಕೆ ಮಾತ್ರ ಆಗಾಗ ಒಂದಿಷ್ಟು ತಟ್ಟಿಕೊಳ್ಳಿ, ಕಡ್ಡಿಯ ಆಕಾರದ ಸ್ಟಿಕ್ ಸನ್‌ಸ್ಕ್ರೀನ್ ಇದಕ್ಕೆ ಅನುಕೂಲ. ಮಧ್ಯಾಹ್ನ ಇಡೀ ಮುಖಕ್ಕೆ ಮತ್ತೆ ಹಚ್ಚುವ ಮೊದಲು ಜಿಡ್ಡಿದ್ದರೆ ಟಿಶ್ಯೂ ಒತ್ತಿ ತೆಗೆಯಿರಿ, ಮತ್ತೆ ಮತ್ತೆ ಸೋಪು ಹಾಕಿ ತೊಳೆಯಬೇಡಿ.

ಟೋಪಿ, ಮಫ್ಲರ್ ಇವೂ ಸನ್‌ಸ್ಕ್ರೀನೇ, ಅಂಚು ಅಗಲವಿರುವ ಟೋಪಿಯಂತೂ ಮುಖಕ್ಕೆ ಒಳ್ಳೆಯ ನೆರಳು. ಆದರೆ ಉಣ್ಣೆಯ ಟೋಪಿ ಹಣೆಗೆ ಉಜ್ಜುವ ಕಡೆ, ಮಫ್ಲರ್ ದವಡೆಗೆ ಉಜ್ಜುವ ಕಡೆ, ಹೆಲ್ಮೆಟ್ ಪಟ್ಟಿ ಗದ್ದಕ್ಕೆ ಒತ್ತುವ ಕಡೆ ಅದೇ ಗೆರೆಯಲ್ಲಿ ಮೊಡವೆ ಏಳುತ್ತವೆ. ಉಜ್ಜಾಟ, ಬೆವರು, ಒತ್ತಡ ಸೇರಿ ಆಗುವ ಮೊಡವೆ ಅದು. ಒಂದು ಇಡೀ ಚಳಿಗಾಲ ನಾನು ಒಳ್ಳೆಯ ಸನ್‌ಸ್ಕ್ರೀನ್ ಒಂದನ್ನು ಬೈದು ಬಿಸಾಡಿದೆ, ಕೊನೆಗೆ ನೋಡಿದರೆ ಮೂರು ವಾರದಿಂದ ಒಗೆಯದ ಮಫ್ಲರಿನದು ಆ ಕೆಲಸ. ವಾರಕ್ಕೆ ಎರಡು ಸಲವಾದರೂ ಒಗೆಯಿರಿ, ಚರ್ಮಕ್ಕೆ ತಾಗುವ ಕಡೆ ಮೆತ್ತನೆ ಹತ್ತಿ ಬಟ್ಟೆ ಇರಲಿ.

ರಾತ್ರಿ ತೆಗೆಯುವುದು

ಸನ್‌ಸ್ಕ್ರೀನಿನಿಂದ ಮೊಡವೆ ಬಂತು ಅನ್ನುವವರಲ್ಲಿ ಎಷ್ಟೋ ಜನಕ್ಕೆ ಬಂದಿರುವುದು ಅದನ್ನು ಸರಿಯಾಗಿ ತೆಗೆಯದೆ ಮಲಗಿದ್ದರಿಂದ. ಚರ್ಮಕ್ಕೆ ಅಂಟಿ ಉಳಿಯಲೆಂದೇ ಮಾಡಿದ ವಸ್ತು ಅದು, ಬರೀ ನೀರಿಗೆ ಹೋಗುವುದಿಲ್ಲ. ಟಿಂಟೆಡ್, ಮಿನರಲ್, ನೀರಿಗೆ ಜಗ್ಗದ ಬಗೆ ಹಚ್ಚಿದ್ದರೆ ಮೊದಲು ಮೈಸೆಲಾರ್ ವಾಟರ್ ಅಥವಾ ನೀರಿನೊಂದಿಗೆ ಕರಗಿ ಹೋಗುವ ಕ್ಲೆನ್ಸಿಂಗ್ ಆಯಿಲ್‌ನಿಂದ ಬಿಡಿಸಿ, ಆಮೇಲೆ ಮೃದುವಾದ ಫೇಸ್‌ವಾಶ್ ಹಾಕಿ. ಹಗುರ ಬಗೆ ಹಚ್ಚಿದ್ದರೆ ಫೇಸ್‌ವಾಶ್ ಒಂದೇ, ಬೆರಳ ತುದಿಯಲ್ಲಿ ಒಂದು ನಿಮಿಷ ನಿಧಾನಕ್ಕೆ ತಿರುಗಿಸಿದರೆ ಸಾಕು.

ಸ್ಕ್ರಬ್ ಬೇಡ. ಕಾಳು ಕಾಳಿನ ಸ್ಕ್ರಬ್ ಹಾಕಿ ತಿಕ್ಕುವುದು ಅಂದರೆ ಇಲ್ಲದ ಹುಣ್ಣನ್ನು ಕೆರೆದು ಮಾಡಿಕೊಂಡ ಹಾಗೆ. ಕೆರೆದ ಜಾಗದಲ್ಲಿ ಉರಿಯೂತ, ಉರಿಯೂತ ಹೋದಲ್ಲಿ ಕಲೆ, ನಾವು ಶುರು ಮಾಡಿದ ಜಾಗಕ್ಕೇ ವಾಪಸ್.

ಹಚ್ಚಿದ ಮೇಲೆ ತೊಂದರೆ ಆದರೆ

ತೊಂದರೆ ಯಾವಾಗ ಬಂತು ಅನ್ನುವುದನ್ನು ಗಮನಿಸಿ, ಅದರಲ್ಲೇ ಅರ್ಧ ಉತ್ತರ ಇದೆ. ಹಚ್ಚಿದ ಕೂಡಲೇ ಉರಿದರೆ ಚರ್ಮದ ಕಾವಲು ಹಾಳಾಗಿದೆ ಅಂತ ಅರ್ಥ ಇರಬಹುದು. ಆಸಿಡ್, ಸೀರಮ್ ಎಲ್ಲವನ್ನೂ ನಾಲ್ಕೈದು ದಿನ ಬದಿಗಿಟ್ಟು ಬರೀ ಮಾಯಿಶ್ಚರೈಸರ್ ಮತ್ತು ಮಿನರಲ್ ಸನ್‌ಸ್ಕ್ರೀನ್ ಬಳಸಿ ನೋಡಿ (ಡಾಕ್ಟರು ಬರೆದ ಔಷಧಿಯಾದರೆ ಅವರಿಗೆ ಹೇಳಿ). ಒಂದೆರಡು ದಿನದೊಳಗೆ ತುರಿಕೆ, ಕೆಂಪು ದದ್ದು ಎದ್ದರೆ ಅದು ಮೊಡವೆ ಅಲ್ಲ, ಆ ಉತ್ಪನ್ನ ನಿಮಗೆ ಒಗ್ಗುತ್ತಿಲ್ಲ, ನಿಲ್ಲಿಸಿ. ಕೆಲವು ವಾರಗಳ ಮೇಲೆ ಮೊದಲು ಇಲ್ಲದ ಕಡೆ ಸಣ್ಣ ಸಣ್ಣ ಗಟ್ಟಿ ಕಾಳುಗಳು ಎದ್ದರೆ ಮಾತ್ರ ರಂಧ್ರ ಕಟ್ಟುತ್ತಿದೆ ಅಂತ ಅನುಮಾನ ಪಡಬಹುದು. ಹೊಸ ಟ್ಯೂಬ್ ತಂದಾಗ ಮೊದಲು ದವಡೆಯ ಒಂದು ಪಕ್ಕಕ್ಕೆ ಮಾತ್ರ ಒಂದು ವಾರ ಹಚ್ಚಿ ನೋಡುವುದು ಜಾಣತನ. ಒಂದೇ ವಾರದಲ್ಲಿ ಹೊಸ ಫೇಸ್‌ವಾಶ್, ಹೊಸ ಸೀರಮ್, ಹೊಸ ಸನ್‌ಸ್ಕ್ರೀನ್ ಮೂರನ್ನೂ ಶುರು ಮಾಡಿದರೆ ಕಳ್ಳ ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಕಳೆದ ವರ್ಷದ ಟ್ಯೂಬ್ ಉಳಿದಿದ್ದರೆ ತಾರೀಕು ನೋಡಿ. ತಾರೀಕು ಇದ್ದರೂ ನೀರು ಬೇರೆ ಎಣ್ಣೆ ಬೇರೆ ಆಗಿ ಸುರಿದರೆ, ವಾಸನೆ ಬದಲಾಗಿದ್ದರೆ, ಎಸೆಯಿರಿ. ಬಿಸಿಲಿನಲ್ಲಿ ನಿಲ್ಲುವ ಕಾರಿನೊಳಗೆ ಇಟ್ಟಿದ್ದ ಟ್ಯೂಬನ್ನೂ ನಂಬಬೇಡಿ.

ಇಷ್ಟೆಲ್ಲ ಮಾಡಿದರೂ ಯಾವುದು ಮಾಸುತ್ತದೆ, ಯಾವುದು ಮಾಸುವುದಿಲ್ಲ ಅನ್ನುವುದು ಗೊತ್ತಿರಲಿ. ಚಪ್ಪಟೆಯಾದ ಕಂದು, ಕಪ್ಪು ಕಲೆಗೆ ಬಿಸಿಲು ತಡೆದರೆ ಲಾಭ ಖಂಡಿತ. ಕೆಂಪು ಕಲೆಯೂ ನಿಧಾನಕ್ಕೆ ಹೋಗುತ್ತದೆ. ಗುಳಿ ಬಿದ್ದ ಗಾಯದ ಗುರುತು ಮಾತ್ರ ಕ್ರೀಮಿಗೆ ತುಂಬಿಕೊಳ್ಳುವುದಿಲ್ಲ, ಅದಕ್ಕೆ ಚರ್ಮದ ಡಾಕ್ಟರ ಹತ್ತಿರ ಬೇರೆ ದಾರಿಗಳಿವೆ. ನೋಯುವ, ಆಳದಲ್ಲಿ ಗಂಟು ಕಟ್ಟುವ ಮೊಡವೆ ಏಳುತ್ತಿದ್ದರೂ ಕಾಯಬೇಡಿ, ತೋರಿಸಿ, ಯಾಕೆಂದರೆ ಗುಳಿ ಉಳಿಯುವುದು ಹೆಚ್ಚಾಗಿ ಅಂಥವುಗಳಿಂದಲೇ.

ಕಲೆ ಮಾಸುವುದು ವಾರಗಳ ಲೆಕ್ಕವಲ್ಲ, ತಿಂಗಳುಗಳದ್ದು. ದಿನಾ ಕನ್ನಡಿ ನೋಡಿದರೆ ಏನೂ ಬದಲಾದ ಹಾಗೆ ಕಾಣುವುದೇ ಇಲ್ಲ, ಬೇಜಾರಾಗಿ ಮತ್ತೆ ಟ್ಯೂಬು ಮೂಲೆ ಸೇರುತ್ತದೆ. ಅದರ ಬದಲು ನಾಲ್ಕು ವಾರಕ್ಕೊಮ್ಮೆ ಒಂದು ಫೋಟೋ ತೆಗೆದಿಡಿ, ಅದೇ ಕಿಟಕಿ, ಅದೇ ಹೊತ್ತು, ಫಿಲ್ಟರ್ ಇಲ್ಲದೆ. ಮೊದಲನೆಯದನ್ನು ನಾಳೆ ಬೆಳಿಗ್ಗೆಯೇ ತೆಗೆಯಿರಿ, ಮುಖ ತೊಳೆದ ಮೇಲೆ, ಏನನ್ನೂ ಹಚ್ಚುವ ಮೊದಲು.